ಕುಂಡ್ರಾಕ ಬೇಕೊ, ನಡಿಯಾಕ ಬೇಕೊ

ಇದನ್ನು ನಾನು ನಿಂತು ಬರೆಯುತ್ತಿದ್ದೇನೆ. ಪಡಸಾಲೆಯ ಕಿಟಕಿಗೆ ಹೊಂದಿಸಿ ಎದೆಮಟ್ಟಕ್ಕೆ ಒಂದು ಹಲಗೆ ಹೊಡೆಸಿಕೊಂಡಿದ್ದೇನೆ, ಅದರ ಮೇಲೆ ಹಾಳೆ ಇದೆ. ನಾಲ್ಕು ಸಾಲು ಬರೆಯುವುದು, ಒಮ್ಮೆ ಅಂಗಳಕ್ಕೆ ಹೋಗಿ ಬರುವುದು. ಮೊದಲಿಂದಲೂ ನನ್ನ ಸ್ವಭಾವವೇ ಹಾಗೆ. ಅದರ ಮೇಲೆ ನನ್ನ ಬಲಗಾಲು ತೊಡೆಯ ಬುಡದಲ್ಲಿ ಮಡಚುವುದಿಲ್ಲ. ಮಡಚದೆ ಆಯುಷ್ಯದ ಮುಕ್ಕಾಲು ಪಾಲು ಕಳೆಯಿತು.

ಹೋದ ತಿಂಗಳು ನಮ್ಮ ಓಣಿಯ ಒಬ್ಬ ಸೊಸೆ ಹುಬ್ಬಳ್ಳಿಯ ದವಾಖಾನೆಯಿಂದ ಮನೆಗೆ ಬಂದಳು. ಅಪಘಾತದಲ್ಲಿ ಮೊಣಕಾಲು ಪುಡಿಯಾಗಿ ಕಾಲು ಕೋಲಿನ ಹಾಗೆ ನೆಟ್ಟಗಾಗಿದೆ. ಯಾರ ಜೊತೆಯೂ ಮಾತಾಡುತ್ತಿಲ್ಲ ಎಂದು ಕೇಳಿ ನೋಡಲು ಹೋದೆ. ಬಹಳ ಹೊತ್ತು ನನ್ನ ಕಾಲನ್ನೇ ನೋಡುತ್ತಿದ್ದಳು. ಆಮೇಲೆ ಕೇಳಿದಳು: "ಆಯಿ, ನಿಮಗ ರೂಢಿ ಆತೇನ್ರಿ?"

ಆತು ಅಂದುಬಿಡಬಹುದಿತ್ತು. ಅನ್ನಲು ಬಾಯಿ ಬರಲಿಲ್ಲ. ಇಲ್ಲ ಅನ್ನುವುದೂ ಖರೆ ಅಲ್ಲ. ಒಂದು ಸಂಜೆಯಲ್ಲಿ ಹೇಳಿ ಮುಗಿಸುವ ಮಾತಾಗಿರಲಿಲ್ಲ ಅದು. ಅದಕ್ಕೇ ಬರೆಯಲು ನಿಂತೆ.

ನನ್ನ ತವರು ಹಿರೇಹಂದಿಗೋಳ. ಒಕ್ಕಲುತನದ ಮನೆ. ಅಪ್ಪ ನನ್ನ ಚಿಕ್ಕಂದಿನಲ್ಲೇ ತೀರಿಕೊಂಡಿದ್ದ, ಅವ್ವ ಹೊಲ-ಮನೆ ಎರಡನ್ನೂ ನೋಡಿಕೊಂಡು ನನ್ನನ್ನು ಬೆಳೆಸಿದಳು. ನಾನು ಕೂತಲ್ಲಿ ಕೂಡುವವಳಲ್ಲ. ಬೀಸುವ ಕಲ್ಲಿನ ಮುಂದೆ ಕೂರಿಸಿದರೆ ಎರಡು ಹಿಡಿ ಜೋಳ ಬೀಸಿ ಎದ್ದು ಹೋಗುತ್ತಿದ್ದೆ. ಹೊಲಕ್ಕೆ ಬುತ್ತಿ ಒಯ್ಯುವುದು, ಬಾವಿಯಿಂದ ನೀರು ತರುವುದು, ತಪ್ಪಿಸಿಕೊಂಡ ಕರುವನ್ನು ಹುಡುಕುವುದು, ಇವು ಯಾವುವನ್ನೂ ಯಾರೂ ನನಗೆ ಎರಡು ಸಲ ಹೇಳಬೇಕಾಗಿರಲಿಲ್ಲ. "ಈ ಹುಡಿಗೀಗೆ ಕುಂತಲ್ಲಿ ಮುಳ್ಳು ಚುಚ್ಚತಾವು" ಎಂದು ಅವ್ವ ಬಂದವರ ಮುಂದೆಲ್ಲ ಹೇಳುತ್ತಿದ್ದಳು.

ಸ್ವಾತಂತ್ರ್ಯ ಬಂದ ಮರುವರ್ಷ ನನ್ನನ್ನು ಶಿರಹಟ್ಟಿಗೆ ಕೊಟ್ಟರು. ನಮ್ಮೂರು ಇಂಗ್ರೇಜರ ಸೀಮೆ, ಗಂಡನ ಊರು ಸಂಸ್ಥಾನ. ನಾನು ಹೋಗುವ ಹೊತ್ತಿಗೆ ಸಂಸ್ಥಾನವೂ ಹೋಗಿ ಮುಂಬಯಿ ಸರಕಾರ ಬಂದಿತ್ತು. ನಮ್ಮ ಮಾವನಿಗೆ ಅದು ಒಗ್ಗಲೇ ಇಲ್ಲ. ಯಾವ ಕಚೇರಿಗೆ ಹೋಗಬೇಕು, ಯಾರಿಗೆ ಕೈ ಮುಗಿಯಬೇಕು ಎಂಬುದೇ ತಿಳಿಯುವುದಿಲ್ಲ ಎಂದು ಗೊಣಗುತ್ತಿದ್ದರು. "ನಾವು ಕುಂತಲ್ಲೇ ಕುಂತೀವಿ, ರಾಜ್ಯ ನಡದಾಡಾಕ ಹತ್ಯಾವು" ಎನ್ನುವುದು ಅವರ ಮಾತು. ನನ್ನ ಗಂಡನ ಹೆಸರು ಫಕೀರಪ್ಪ. ನಮ್ಮ ಕಡೆ ಹೆಂಡತಿ ಗಂಡನ ಹೆಸರು ಹೇಳುವುದಿಲ್ಲ, ಬರೆಯಲು ಅಡ್ಡಿಯಿಲ್ಲ ಎಂದುಕೊಂಡಿದ್ದೇನೆ. ಹೊಲ ಮಾಡುತ್ತಿದ್ದರು, ಸುಗ್ಗಿಯಲ್ಲಿ ಗಾಡಿ ಹೂಡಿ ಊರವರ ಹತ್ತಿಯನ್ನು ಗದಗಿನ ಪೇಟೆಗೆ ಹೇರುತ್ತಿದ್ದರು. ಮಾತು ಕಡಿಮೆ.

ಮದುವೆಯಾಗಿ ಮೂರನೆಯ ಮಳೆಗಾಲಕ್ಕೆ ಬಲ ಮೊಣಕಾಲು ನೋಯತೊಡಗಿತು. ಮೊದಮೊದಲು ಸಂಜೆ ಮಾತ್ರ. ಆಮೇಲೆ ಬೆಳಿಗ್ಗೆ ಏಳುವಾಗಲೂ. ಕುಂಟುತ್ತಿದ್ದೇನೆ ಎಂದು ನನಗೇ ತಿಳಿದಿರಲಿಲ್ಲ, ಬಾವಿಯಲ್ಲಿ ಯಾರೋ ಹೇಳಿದರು. ಅತ್ತೆ ಮೊಣಕಾಲಿಗೆ ಉಪ್ಪಿನ ಕಾವು ಕೊಟ್ಟರು. ಎಕ್ಕೆ ಎಲೆ ಕಟ್ಟಿದರು. ಲಕ್ಷ್ಮೇಶ್ವರದಿಂದ ಎಲುಬು ಕೂಡಿಸುವವನನ್ನು ಕರೆಸಿ ಎಣ್ಣೆ ಹಚ್ಚಿ ತಿಕ್ಕಿಸಿದರು. ಅವನು ಎಳೆದಾಗ ಕಣ್ಣು ಕತ್ತಲೆಗಟ್ಟಿತು. ಸಂಜೆಯಾದರೆ ಮೈ ಬೆಚ್ಚಗಾಗುತ್ತಿತ್ತು, ಊಟ ಸೇರುತ್ತಿರಲಿಲ್ಲ, ಕುಪ್ಪಸ ಸಡಿಲಾಗಿತ್ತು. ಮಕ್ಕಳಾಗಲಿಲ್ಲವೆಂಬ ಕೊರಗು ಎಂದರು ಕೆಲವರು. ಕೆಲಸಗಳ್ಳಿ ಎಂದೂ ಒಂದಿಬ್ಬರು ಅಂದದ್ದು ಕಿವಿಗೆ ಬಿತ್ತು. ಅದು ನೋವಿಗಿಂತ ಹೆಚ್ಚು ನೋಯಿಸಿತು.

ಕೊನೆಗೆ ಒಂದು ದಿನ ಹೊಲದ ಬದುವಿನ ಮೇಲೆ ಕಾಲೂರಲಾಗದೆ ಬಿದ್ದೆ. ನಮ್ಮ ಮನೆಯವರು ಎತ್ತಿಕೊಂಡು ಬಂದರು. ಮರುದಿನ ಗದಗಿಗೆ ಹೊರಟಿದ್ದ ಹತ್ತಿಯ ಗಾಡಿಯಲ್ಲೇ, ಹತ್ತಿಯ ಮೇಲೆ ಕೌದಿ ಹಾಸಿ ನನ್ನನ್ನು ಮಲಗಿಸಿದರು. ದಾರಿಯುದ್ದಕ್ಕೂ ಆಕಾಶ ನೋಡುತ್ತ ಹೋದೆ. ಗಾಲಿ ತಗ್ಗಿಗೆ ಇಳಿದಾಗಲೆಲ್ಲ ಹತ್ತಿ ಮೆಲ್ಲಗೆ ಎತ್ತಿ ಇಳಿಸುತ್ತಿತ್ತು. ಅಷ್ಟು ಮೆತ್ತನೆಯ ಹಾಸಿಗೆಯಲ್ಲಿ ಅದರ ಮೊದಲೂ ಆಮೇಲೂ ನಾನು ಮಲಗಿಲ್ಲ.

ಗದಗಿಗೆ ಅಂಟಿಕೊಂಡ ಬೆಟಗೇರಿಯ ದವಾಖಾನೆಗೆ ಅವ್ವ ಸುದ್ದಿ ಮುಟ್ಟಿ ಹಿರೇಹಂದಿಗೋಳದಿಂದ ಬಂದು ಕಾಯುತ್ತಿದ್ದಳು. ಜಗಲಿಯ ತುಂಬ ಜನ. ಕೆಮ್ಮುವವರು, ಮಗುವಿನ ತಲೆಗೆ ಸೆರಗು ಹೊದಿಸಿ ಕೂತವರು, ಗಂಟು ತಲೆದಿಂಬು ಮಾಡಿಕೊಂಡು ಮಲಗಿದವರು. ನನಗೆ ಕೂತರೆ ನೋವು, ನಿಂತರೆ ನೋವು. ಕಂಬದಿಂದ ಕಂಬಕ್ಕೆ ಕೈಯೂರಿ ಓಡಾಡುತ್ತಿದ್ದೆ. ಫೋಟೋ ತೆಗೆಯುತ್ತಾರೆ ಎಂದು ಒಬ್ಬ ನರ್ಸಬಾಯಿ ಹೇಳಿದ್ದೇ ತಡ, ಅವ್ವ ಗಂಟು ಬಿಚ್ಚಿ ತನ್ನ ಇಳಕಲ್ಲ ಸೀರೆ ತೆಗೆದು ನನಗೆ ಉಡಿಸಿದಳು, ತಲೆ ಬಾಚಿ ಕುಂಕುಮ ತಿದ್ದಿದಳು. ಒಳಗೆ ಕತ್ತಲೆ ಕೋಣೆ. ತಣ್ಣಗಿನ ಹಲಗೆಯ ಮೇಲೆ ಮಲಗಿಸಿ ಸೀರೆ ಸರಿಸು ಎಂದರು. ಹೊರಗೆ ಬಂದಾಗ ಅವ್ವ, "ಛಲೋ ಬಂತೇನು?" ಎಂದು ಕೇಳಿದಳು. ಎಲುಬಿನ ಫೋಟೋ ಎಂದು ಹೇಳಲು ನನಗೆ ಮನಸ್ಸಾಗಲಿಲ್ಲ.

ಅಲ್ಲಿನ ಡಾಕ್ಟರ ಬಾಯಿ ಮಂಗಳೂರ ಕಡೆಯವರು. ಪುಸ್ತಕದ ಕನ್ನಡದಲ್ಲಿ ಶುರು ಮಾಡಿ ನಮ್ಮ ಮಾತಿನಲ್ಲಿ ಮುಗಿಸುತ್ತಿದ್ದರು. ಫೋಟೋವನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. "ನೋವು ಮೊಣಕಾಲಿನಲ್ಲಿ ಅಲ್ಲ ತಂಗಿ. ಮೇಲೆ ಐತಿ, ತೊಡೆ ಟೊಂಕಕ್ಕ ಕೂಡೂ ಕೀಲಿನಾಗ. ಅದು ಕೆಳಗ ಬಂದು ಮೊಣಕಾಲಿನಾಗ ಹೇಳಾಕತ್ತೇತಿ." ಆಮೇಲೆ ನಮ್ಮ ಮನೆಯವರ ಕಡೆ ತಿರುಗಿ ಮೆಲ್ಲಗೆ, "ಎಲುಬಿನ ಕ್ಷಯ" ಎಂದರು.

ಕ್ಷಯ ಎಂಬ ಶಬ್ದ ಬಿದ್ದ ಕೂಡಲೇ ಬಾಗಿಲಲ್ಲಿ ನಿಂತಿದ್ದ ಒಬ್ಬ ಹೆಣ್ಣುಮಗಳು ತನ್ನ ಮಗುವನ್ನು ಎತ್ತಿಕೊಂಡು ಹಿಂದೆ ಸರಿದಳು. ಅವ್ವ ಮಾತ್ರ ನನ್ನ ಹತ್ತಿರ ಬಂದು, ಭುಜಕ್ಕೆ ಭುಜ ತಾಗಿಸಿ ನಿಂತಳು.

ಎದೆಯಿಂದ ಬಲಪಾದದವರೆಗೆ ಪ್ಲಾಸ್ಟರ್ ಕಟ್ಟಿದರು. ಎಡಗಾಲಿಗೆ ಮೊಣಕಾಲ ತನಕ. ಒದ್ದೆ ಇದ್ದಾಗ ಬೆಚ್ಚಗೆ, ಹಿತವಾಗಿತ್ತು. ಒಣಗಿದ ಮೇಲೆ ಗೊತ್ತಾಯಿತು ನಾನು ಎಲ್ಲಿ ಸಿಕ್ಕಿದ್ದೇನೆಂದು. ಎಷ್ಟು ದಿನ ಎಂದು ಕೇಳಿದೆ. "ದಿನದ ಲೆಕ್ಕ ಬ್ಯಾಡ, ತಿಂಗಳಿನಾಗ ಕೇಳು" ಎಂದರು ಡಾಕ್ಟರ ಬಾಯಿ.

ಕೂತಲ್ಲಿ ಮುಳ್ಳು ಚುಚ್ಚುವವಳನ್ನು ಮಲಗಿದಲ್ಲೇ ಮಲಗಿಸಿದ್ದರು. ಮೊದಲ ವಾರಗಳಲ್ಲಿ ನಾನು ಅಳಲಿಲ್ಲ, ಸಿಟ್ಟಿಗೆದ್ದೆ. ಕೈಗೆ ಸಿಕ್ಕಿದ್ದನ್ನು ಎಸೆದೆ. ಕಾಲ ಬೆರಳು ಮಾತ್ರ ಆಡುತ್ತಿದ್ದವು, ಅವನ್ನೇ ಇಡೀ ದಿನ ಆಡಿಸುತ್ತಿದ್ದೆ. ಕಣ್ಣು ಮುಚ್ಚಿ ತವರಿನ ಮನೆಯಿಂದ ಬಾವಿಗೆ, ಬಾವಿಯಿಂದ ಹೊಲಕ್ಕೆ, ಹೊಲದಿಂದ ಹಳ್ಳಕ್ಕೆ ಹೋಗಿ ಬರುತ್ತಿದ್ದೆ. ದಾರಿಯಲ್ಲಿ ಯಾವುದಾದರೂ ಮರ ಬಿಟ್ಟುಹೋದರೆ ಮತ್ತೆ ಮೊದಲಿಂದ. ಮುಂಬಯಿಯಿಂದ ಬರುತ್ತಿದ್ದ ಹೊಸ ಔಷಧದ ಸೂಜಿ ಚುಚ್ಚುತ್ತಿದ್ದರು. ಅದರಿಂದ ಕಿವಿಯೊಳಗೆ ಸದಾ ಗುಂಯ್ ಎನ್ನುತ್ತಿತ್ತು. ಮೈ ಅಲುಗುವುದಿಲ್ಲ, ಕಿವಿ ಸುಮ್ಮನಿರುವುದಿಲ್ಲ. ಹುಚ್ಚು ಹಿಡಿಯುತ್ತದೆ ಎಂದು ನಿಜವಾಗಿಯೂ ಹೆದರಿದ್ದೆ.

ಎಲ್ಲಕ್ಕಿಂತ ಕೆಟ್ಟದ್ದು ತುರಿಕೆ. ಪ್ಲಾಸ್ಟರಿನ ಒಳಗೆ, ಕೈ ಹೋಗದ ಜಾಗದಲ್ಲಿ. ಪಕ್ಕದ ಮಂಚದಲ್ಲಿ ಲಕ್ಷ್ಮೇಶ್ವರದ ಹುಸೇನಬಿ ಇದ್ದಳು. ವಯಸ್ಸಾದ ಹೆಂಗಸು, ಕೈ ಮುರಿದು ಸರಿಯಾಗಿ ಕೂಡದೆ ಮತ್ತೆ ಬಂದಿದ್ದಳು. ಒಂದು ಮಧ್ಯಾಹ್ನ ನಾನು ಹಲ್ಲು ಕಚ್ಚಿಕೊಂಡು ಗೋಡೆಗೆ ತಲೆ ಉಜ್ಜುತ್ತಿದ್ದಾಗ ಎದ್ದು ಹೋಗಿ, ಕಸಬರಿಗೆಯಿಂದ ಒಂದು ಉದ್ದನೆಯ ಕಡ್ಡಿ ಕಿತ್ತು ತಂದಳು. ತುದಿಗೆ ಹತ್ತಿ ಸುತ್ತಿ ಪ್ಲಾಸ್ಟರಿನ ಅಂಚಿನಿಂದ ಮೆಲ್ಲಗೆ ಒಳಗೆ ಇಳಿಸಿದಳು.

"ಎಲ್ಲಿ ಐತಿ ಹೇಳು. ಇಲ್ಲೇನು?"

"ಇನ್ನೂ ಕೆಳಗ ಎವ್ವಾ."

"ಇಲ್ಲೆ?"

"ಅಲ್ಲೇ."

ಆ ಕಡ್ಡಿ ಆಡಿದಾಗ ನನ್ನ ಕಣ್ಣಿಂದ ನೀರು ಇಳಿಯಿತು. ದವಾಖಾನೆಗೆ ಬಂದ ಮೇಲೆ ಮೊದಲ ಸಲ ಅತ್ತದ್ದು ಅಂದು. ಹುಸೇನಬಿ ಹೆದರಿ, "ನೋವಾತೇನವಾ?" ಎಂದಳು. ಇಲ್ಲವೆಂದು ತಲೆಯಾಡಿಸಿದೆ. ಅವಳು ಊರಿಗೆ ಹೋಗುವಾಗ ಆ ಕಡ್ಡಿಯನ್ನು ನನ್ನ ದಿಂಬಿನ ಕೆಳಗೆ ಇಟ್ಟು ಹೋದಳು. ಡಾಕ್ಟರ ಬಾಯಿಗೆ ಗೊತ್ತಿತ್ತು ಎಂದು ಕಾಣುತ್ತದೆ, ಕೇಳಲಿಲ್ಲ.

ನಮ್ಮ ಮನೆಯವರು ಗದಗಿಗೆ ಗಾಡಿ ಬಂದಾಗಲೆಲ್ಲ ಬರುತ್ತಿದ್ದರು. ಮೈಮೇಲೆ ಹತ್ತಿಯ ಎಳೆ ಅಂಟಿರುತ್ತಿದ್ದವು. ಬಂದು ಮಂಚದ ಪಕ್ಕ ನಿಲ್ಲುವುದು, ಊಟ ಆತೇನು ಎನ್ನುವುದು, ಎತ್ತಿನ ಸುದ್ದಿ, ಮಳೆಯ ಸುದ್ದಿ. ಅತ್ತೆ ಒಮ್ಮೆಯೂ ಬಂದಿರಲಿಲ್ಲ. ಹತ್ತಿ ಮುಗಿದ ಮೇಲೂ ಒಂದು ದಿನ ಇವರು ಬಂದರು. ಗಾಡಿಯಿಲ್ಲದೆ, ನಡೆದು. ಕಿಟಕಿಯ ಕಡೆ ಮುಖ ಮಾಡಿ ಹೇಳಿದರು.

"ಅವ್ವ ಮುಂಡರಗಿಗೆ ಹೋಗಿ ಬಂದಾಳ."

ಮುಂಡರಗಿಯಲ್ಲಿ ಅತ್ತೆಯ ಅಣ್ಣನ ಮನೆ ಇತ್ತು. ಆ ಮನೆಯಲ್ಲಿ ಲಗ್ನಕ್ಕೆ ಬಂದ ಹುಡುಗಿ ಇದ್ದಳು. ಬಿಡಿಸಿ ಹೇಳುವ ಅಗತ್ಯವಿರಲಿಲ್ಲ.

"ನೀವು ಹೋಗಿದ್ರೇನು?" ಎಂದೆ.

"ನಾ ಹೋಗಿಲ್ಲ."

ಹೋಗಿಲ್ಲ ಅಂದರು. ಹೋಗುವುದಿಲ್ಲ ಅನ್ನಲಿಲ್ಲ. ಅವರು ಹೋದ ಮೇಲೆ ಆ ಎರಡು ಮಾತಿನ ನಡುವಿನ ಅಂತರವನ್ನೇ ಅಳೆಯುತ್ತ ಮಲಗಿದೆ. ಎದ್ದು ಹೋಗಿ ದಾರಿಯಲ್ಲಿ ಅಡ್ಡಗಟ್ಟಿ ಕೇಳುವಂತಿಲ್ಲ. ಅವರು ಎಷ್ಟು ದೂರ ಹೋಗಿರಬಹುದು ಎಂದು ಲೆಕ್ಕ ಹಾಕುವುದೊಂದೇ ಉಳಿದದ್ದು.

ಮೊದಲ ಪ್ಲಾಸ್ಟರ್ ಒಡೆದು ಎರಡನೆಯದು ಕಟ್ಟುವ ಮೊದಲು ಡಾಕ್ಟರ ಬಾಯಿ ಎಲ್ಲರನ್ನೂ ಕರೆಸಿದರು. ಅವ್ವ ಬಂದಳು, ನಮ್ಮ ಮನೆಯವರು ಬಂದರು, ಅವರ ಜೊತೆ ಆ ದಿನ ಅತ್ತೆಯೂ ಬಂದರು. ಮಂಚದ ಕಾಲ ಕಡೆ, ಸೆರಗು ಮೂಗಿಗೆ ಹಿಡಿದು ನಿಂತರು.

"ರೋಗ ಇಳಿಯಾಕ ಹತ್ತೇತಿ" ಎಂದರು ಡಾಕ್ಟರ ಬಾಯಿ. "ಜೀವಕ್ಕೆ ಭಯ ಇಲ್ಲ. ಆದರ ಕೀಲು ಉಳಿಯೂದಿಲ್ಲ. ಎರಡೂ ಎಲುಬು ಕೂಡಿ ಒಂದಾಗತಾವು. ಈಗ ನಾವು ಪ್ಲಾಸ್ಟರಿನಾಗ ಕಾಲು ಹೆಂಗ ಇಡತೇವಿ, ಸಾಯೂತನ ಹಂಗ ಇರತೈತಿ. ಬಗ್ಗಿಸಿ ಇಟ್ಟರ ಕುಂಡ್ರಾಕ ಬರತೈತಿ, ನಡಿಗಿ ಕೆಡತೈತಿ, ಕೋಲು ಬೇಕಾಗತೈತಿ. ನೆಟ್ಟಗ ಇಟ್ಟರ ನಡಿಯಾಕ ಬರತೈತಿ, ನೆಲದ ಮ್ಯಾಲೆ ಕುಂಡ್ರಾಕ ಬರೂದಿಲ್ಲ. ಎರಡೂ ಕೊಡಾಕ ನನ್ನ ಕೈಲೆ ಆಗೂದಿಲ್ಲ."

ಡಾಕ್ಟರ ಬಾಯಿ ನಮ್ಮ ಮನೆಯವರನ್ನು ನೋಡಿ, "ಫಕೀರಪ್ಪ, ನೀವು ಹೇಳ್ರಿ. ಕುಂಡ್ರಾಕ ಬೇಕೊ, ನಡಿಯಾಕ ಬೇಕೊ?" ಎಂದರು.

ಅತ್ತೆಯೇ ಮೊದಲು ಬಾಯಿ ತೆರೆದರು. "ಇದರಾಗ ಕೇಳೂದೇನೈತ್ರಿ? ಹೆಣ್ಮಗಳು ಕುಂಡ್ರದ ಬಾಳೇವು ಮಾಡತಾಳೇನು? ಒಲಿ ಮುಂದ ಕುಂಡ್ರಬೇಕು, ಬೀಸಬೇಕು, ಪೂಜಿಗೆ ಕುಂಡ್ರಬೇಕು. ಕೂಸಿಗೆ ನೀರು ಎರಿಬೇಕಂದ್ರ ಕಾಲ ಮ್ಯಾಲೆ ಹಾಕ್ಕೋಬೇಕು. ಕುಂಡ್ರುಹಂಗ ಮಾಡ್ರಿ."

ಅವ್ವ ನನ್ನ ತಲೆ ಸವರುತ್ತಿದ್ದಳು. ಅವಳೂ ಮೆಲ್ಲಗೆ, "ಹೌದವಾ ನೀಲಾ, ಕುಂತರ ನಾಕು ಮಂದಿ ಕೂಡ ಕುಂಡ್ರಬಹುದು" ಎಂದಳು. ಇಬ್ಬರೂ ಹೇಳಿದ್ದು ಸುಳ್ಳಲ್ಲ. ನಾನು ಕಂಡ ಹೆಂಗಸರ ಬದುಕೆಲ್ಲ ನೆಲಕ್ಕೆ ಅಂಟಿಕೊಂಡೇ ಇತ್ತು.

ಡಾಕ್ಟರ ಬಾಯಿ ಇನ್ನೂ ನಮ್ಮ ಮನೆಯವರನ್ನೇ ನೋಡುತ್ತಿದ್ದರು. ಇವರು ತಲೆಯ ರುಮಾಲು ತೆಗೆದು ಕೈಯಲ್ಲಿ ಹಿಡಿದುಕೊಂಡರು. "ಕಾಲು ಅಕೀದು. ಅಕೀನ್ನ ಕೇಳ್ರಿ" ಎಂದರು.

"ಫಕೀರಾ" ಎಂದರು ಅತ್ತೆ.

"ಅಕೀನ್ನ ಕೇಳ್ಲಿ ತಡಿ ಅವ್ವಾ."

ಡಾಕ್ಟರ ಬಾಯಿ ನನ್ನ ಮುಖದ ಹತ್ತಿರ ಬಗ್ಗಿದರು. ನನಗೆ ಯೋಚನೆ ಮಾಡಲು ಹೊತ್ತು ಬೇಕಾಗಲಿಲ್ಲ. ಬೇಕಿತ್ತೇನೋ, ಆದರೆ ತೆಗೆದುಕೊಳ್ಳಲಿಲ್ಲ. "ನಡಿಯಾಕ" ಎಂದೆ. ಎಲ್ಲರಿಗೂ ಕೇಳಲೆಂದು ಇನ್ನೊಮ್ಮೆ ಹೇಳಿದೆ. ಅತ್ತೆ ಹೊರಗೆ ಹೋದರು. ಅವರ ಹಿಂದೆ ಅವ್ವನೂ ಹೋದಳು. ಜಗಲಿಯಲ್ಲಿ ಇಬ್ಬರೂ ಬೇರೆ ಬೇರೆ ಕಂಬಕ್ಕೆ ಒರಗಿ ಕೂತಿದ್ದರು ಎಂದು ಆಮೇಲೆ ಇವರು ಹೇಳಿದರು.

ಎರಡನೆಯ ಪ್ಲಾಸ್ಟರಿನಲ್ಲಿ ತವರಿಗೆ ಕಳಿಸಿದರು. ಹಿರೇಹಂದಿಗೋಳದ ಪಡಸಾಲೆಯಲ್ಲಿ ಬಾಗಿಲಿಗೆ ಎದುರಾಗಿ ಮಲಗಿ ಒಂದು ಸುಗ್ಗಿ, ಒಂದು ಬೇಸಿಗೆ ಕಳೆದೆ. ಆ ದಿನಗಳಲ್ಲಿ ಒಳಗೆ ಒಂದೇ ಗದ್ದಲ. ತಪ್ಪು ಮಾಡಿದೆನೇ? ಓಣಿಯ ಹೆಂಗಸರು ಬಂದು ಸುತ್ತ ಕೂತು ಹತ್ತಿ ಬಿಡಿಸುವಾಗ, ಅವರ ಮಡಚಿದ ಮೊಣಕಾಲುಗಳನ್ನೇ ನೋಡುತ್ತಿದ್ದೆ. ಎಷ್ಟು ಸಲೀಸಾಗಿ ಕೂರುತ್ತಾರೆ, ಎಷ್ಟು ಸಲೀಸಾಗಿ ಏಳುತ್ತಾರೆ. ಒಬ್ಬಳಂತೂ ಮಾತಿನ ನಡುವೆ, "ನಡದು ಎಲ್ಲಿಗೆ ಹೋಗಬೇಕಾಗಿತ್ತವಾ ನಿನಗ?" ಎಂದು ಕೇಳಿಯೇ ಬಿಟ್ಟಳು. ಎಲ್ಲಿಗೂ ಅಲ್ಲ. ಇಲ್ಲಿಂದ ಅಲ್ಲಿಗೆ.

ಪ್ಲಾಸ್ಟರ್ ಒಡೆದ ದಿನ ಒಳಗಿಂದ ಹೊರಬಂದ ಕಾಲು ನನ್ನದೆನಿಸಲಿಲ್ಲ. ಸಣಕಲು, ಸಿಪ್ಪೆ ಸಿಪ್ಪೆ. ನಿಲ್ಲಿಸಿದಾಗ ನೆಲ ಬಹಳ ಕೆಳಗಿತ್ತು. ಅವ್ವನ ಹೆಗಲು, ಗೋಡೆ, ಆಮೇಲೆ ಕೋಲು, ಕೋಲಿನ ನಂತರ ಬರಿಗೈ. ಟೊಂಕವನ್ನು ಒಂದು ಕಡೆ ಎತ್ತಿ ಕಾಲನ್ನು ಬೀಸಿ ಮುಂದಿಡುವ ಒಂದು ನಡಿಗೆ ತಾನಾಗಿ ಬಂತು. ಓಣಿಯ ಹುಡುಗರು ಅದನ್ನು ಅಣಕಿಸಿ ನಡೆದರು. ನಾನು ನಿಲ್ಲಲಿಲ್ಲ. ಹೊಲದ ತನಕ ಹೋದ ದಿನ ಅಲ್ಲಿಯೇ ಬದುವಿನ ಮೇಲೆ ಉದ್ದಕ್ಕೆ ಮಲಗಿ, ದಣಿವಾರಿದ ಮೇಲೆ ಎದ್ದು ಬಂದೆ. ಕೂತು ದಣಿವಾರಿಸಿಕೊಳ್ಳುವುದು ಇನ್ನಿಲ್ಲ ಎಂಬುದು ಅಂದು ಮೈಗೆ ಅರ್ಥವಾಯಿತು.

ನಮ್ಮ ಮನೆಯವರು ಕರೆಯಲು ಬಂದರು. ಮುಂಡರಗಿಯ ಮಾತು ಏನಾಯಿತೆಂದು ಅವರು ಹೇಳಲಿಲ್ಲ, ನಾನು ಕೇಳಲಿಲ್ಲ. ಶಿರಹಟ್ಟಿಗೆ ಹೋಗಿ ಹೊಸ್ತಿಲು ದಾಟಿದ ಮೇಲೆ ಮಾವನ ಕಾಲು ಮುಟ್ಟಲು ಹೋದೆ. ಬಗ್ಗಲಾಗದೆ ಬಾಗಿಲ ಚೌಕಟ್ಟು ಹಿಡಿದುಕೊಂಡೆ. ಮಾವ ಎದ್ದು ನಿಂತು, "ಇರಲಿ ಬಿಡವಾ, ಮುಟ್ಟಿದಂಗ ಆತು" ಎಂದರು. ಅತ್ತೆ ಒಳಗಿಂದ ಬರಲಿಲ್ಲ. ಆಮೇಲೆ ನೀರು ಕೊಡುವಾಗ ತಂಬಿಗೆಯನ್ನು ಸದ್ದಾಗುವಂತೆ ಇಟ್ಟು, "ಫಕೀರ ನನ್ನ ಅಣ್ಣನ ಮುಂದ ನನ್ನ ಮಾನಾ ಕಳದ. ತಾನಾ ಮುಂಡರಗಿಗೆ ಹೋಗಿ ಒಲ್ಲೆ ಅಂತ ಹೇಳಿ ಬಂದ" ಎಂದರು. ಹೀಗೆ ನನಗೆ ಅದು ತಿಳಿಯಿತು. ನಿಂತಲ್ಲೇ ನೀರು ಕುಡಿದೆ, ಅರ್ಧ ಮೈಮೇಲೆ ಚೆಲ್ಲಿಕೊಂಡೆ.

ಆಮೇಲಿನ ದಿನಗಳ ಬಗ್ಗೆ ಯಾರೂ ಬರೆಯುವುದಿಲ್ಲ, ಆದರೆ ಕಷ್ಟವೆಲ್ಲ ಅಲ್ಲಿಯೇ ಇರುವುದು. ಬಯಲಕಡೆಗೆ ಹೋಗುವುದು ಹೇಗೆ? ಕುಕ್ಕರುಗಾಲಲ್ಲಿ ಕೂರಲು ಬರುವುದಿಲ್ಲ. ಊರ ಹೆಂಗಸರ ಜೊತೆ ಹೋಗಿ, ಅವರೆಲ್ಲರ ನಡುವೆ ಎತ್ತರದ ಕಲ್ಲು ಹುಡುಕುತ್ತ ಅಲೆಯುವುದು. ನಾಚಿಕೆಯಿಂದ ಊಟ ಬಿಡತೊಡಗಿದೆ. ಇವರು ಅದನ್ನು ಹೇಗೆ ಕಂಡುಕೊಂಡರೋ. ಒಂದು ದಿನ ಹಿತ್ತಲಲ್ಲಿ ತಟ್ಟಿ ಕಟ್ಟಿ ಮರೆಮಾಡಿದರು, ಹಳೆಯ ಮಂಚದ ಕಾಲು ಕತ್ತರಿಸಿ, ನಡುವೆ ಹಲಗೆ ಕೊರೆದು, ಎತ್ತರದ ಪೀಠ ಮಾಡಿ ಒಳಗೆ ಇಟ್ಟರು. ಕೆಳಗೆ ಕುಣಿ, ಪಕ್ಕದಲ್ಲಿ ಒಂದು ಬುಟ್ಟಿ ಬೂದಿ. ಓಣಿಯವರು ನೋಡಲು ಬಂದರು. "ರಾಣಿ ಗಾದಿ" ಎಂದು ನಕ್ಕರು. ಅತ್ತೆಗೆ ತಲೆಯೆತ್ತದಂತಾಯಿತು. ನನಗೆ ಮಾತ್ರ ಎಷ್ಟೋ ತಿಂಗಳ ಮೇಲೆ ಹೊಟ್ಟೆ ತುಂಬ ಉಣ್ಣುವಂತಾಯಿತು.

ಊಟವಾದರೂ ನಿಂತೇ. ಗೋಡೆಯ ಗೂಡಿನಲ್ಲಿ ತಾಟು ಇಟ್ಟುಕೊಂಡು, ಎಲ್ಲರಿಗೂ ಬೆನ್ನು ಮಾಡಿ. ಅಡಿಗೆಮನೆ ನನ್ನ ಕೈ ತಪ್ಪಿತ್ತು. ಒಲೆ ನೆಲದಲ್ಲಿ, ನಾನು ಮೇಲೆ. ಕಟ್ಟೆ ಮಾಡಿ ಒಲೆ ಎತ್ತರಿಸೋಣ ಎಂದು ಇವರು ಅಂದಾಗ, "ಒಲಿ ನೆಲಾ ಬಿಟ್ಟು ಏಳಬಾರದು" ಎಂದು ಅತ್ತೆ ಬಾಯಿ ಮುಚ್ಚಿಸಿದ್ದರು. ಹಾಗಾಗಿ ನಡೆಯುವ ಕೆಲಸವೆಲ್ಲ ನನ್ನದು. ಬುತ್ತಿ ಒಯ್ಯುವುದು, ಮೇವು ತರುವುದು, ಕರು ಬಿಡುವುದು. ಮನೆಗೆ ಬಂದರೆ ಎಲ್ಲಿ ನಿಲ್ಲಬೇಕೆಂದು ತಿಳಿಯದೆ ಬಾಗಿಲಿಂದ ಹಿತ್ತಲಿಗೆ, ಹಿತ್ತಲಿಂದ ಬಾಗಿಲಿಗೆ ಓಡಾಡುತ್ತಿದ್ದೆ. "ತಲಿ ತಿರಗತೈತಿ, ಒಂದ ಕಡೆ ಇರು" ಎಂದು ಅತ್ತೆ ಗದರುತ್ತಿದ್ದರು. ಒಂದು ಕಡೆ ಎಂಬುದೇ ನನಗೆ ಆ ಮನೆಯಲ್ಲಿ ಇರಲಿಲ್ಲ.

ಆ ವರ್ಷ ಅತ್ತೆಗೆ ಚಳಿಜ್ವರ ಬಂತು. ಎದ್ದು ಕೂರಲೂ ಆಗದಷ್ಟು. ಮಾವ, ಇವರು, ಹೊಲದ ಆಳುಗಳು ಎಲ್ಲರಿಗೂ ರೊಟ್ಟಿ ಆಗಬೇಕು. ಒಲೆಯ ಮುಂದೆ ಮೊದಲು ಮಲಗಿ ನೋಡಿದೆ, ಆಮೇಲೆ ಒಂದು ಮೊಣಕಾಲೂರಿ ಇನ್ನೊಂದು ಕಾಲನ್ನು ಹಿಂದಕ್ಕೆ ಚಾಚಿ ನೋಡಿದೆ. ಉರಿ ಮುಖಕ್ಕೆ ಬಡಿಯಿತು, ಹಿಟ್ಟು ನೆಲಕ್ಕೆ ಬಿತ್ತು. ಸಿಟ್ಟು ಬಂದು ಎದ್ದು ಹೊರಬಂದೆ. ನಮ್ಮ ಕಡೆಯ ಮನೆಗಳಲ್ಲಿ ಬಾಗಿಲು ದಾಟಿದರೆ ದನ ಕಟ್ಟುವ ಅಂಕಣ ತಗ್ಗಿನಲ್ಲಿರುತ್ತದೆ, ಅದರಾಚೆ ಪಡಸಾಲೆ ಎತ್ತರಕ್ಕೆ. ಹೋರಿಯ ಪಕ್ಕದಲ್ಲಿ ನಿಂತು ಉಸಿರು ಬಿಡುತ್ತಿದ್ದಾಗ ಪಡಸಾಲೆಯ ಅಂಚು ನನ್ನ ಟೊಂಕಕ್ಕೆ ತಾಗಿತು. ಸರಿಯಾಗಿ ಟೊಂಕದ ಎತ್ತರ.

ಮೂರು ಕಲ್ಲು ತಂದು ಆ ಅಂಚಿನ ಮೇಲೆ ಇಟ್ಟೆ. ಹಂಚು ಏರಿಸಿದೆ. ಪಕ್ಕದಲ್ಲಿ ಕಲ್ಲಿನ ಮೇಲೆ ಹಿಟ್ಟು. ಹೋರಿಯನ್ನು ಬಿಚ್ಚಿ ಹಿತ್ತಲಲ್ಲಿ ಕಟ್ಟಿ, ಸಗಣಿ ಬಳಿದು, ಅಂಕಣದಲ್ಲಿ ನಿಂತು ರೊಟ್ಟಿ ಬಡಿದೆ. ಮೊದಲನೆಯದು ಹರಿಯಿತು. ಎರಡನೆಯದು ನಕಾಶೆಯ ಹಾಗಾಯಿತು. ಮೂರನೆಯದು ಉಬ್ಬಿತು.

ಬಡಿಯುವ ಸದ್ದಿಗೆ ಅತ್ತೆ ಒಳಗಿಂದ ಕೇಳಿದರು: "ಯಾರ ಮನ್ಯಾಗಲೇ ಅದು?"

"ನಮ್ಮ ಮನ್ಯಾಗ್ರಿ ಅತ್ತಿ."

"ಯಾರು ಬಡಿಯಾಕತ್ಯಾರ?"

"ನಾನ ರೀ."

"ಎಲ್ಲಿ ಕುಂತೀದಿ?"

"ಕುಂತಿಲ್ರಿ. ನಿಂತೀನಿ."

ಕೌದಿ ಹೊದ್ದುಕೊಂಡೇ ಗೋಡೆ ಹಿಡಿದು ಬಂದರು. ನೋಡಿದರು. ದನ ಕಟ್ಟುವ ಜಾಗದಲ್ಲಿ ಸೊಸೆ, ಪಡಸಾಲೆಯ ಅಂಚಿನ ಮೇಲೆ ಒಲೆ. ಬೈಯುತ್ತಾರೆ ಎಂದು ಕಾದೆ. ಅವರು ಕಂಬಕ್ಕೆ ಒರಗಿ ಕೂತು, ಬುಟ್ಟಿಯಿಂದ ಒಂದು ರೊಟ್ಟಿ ತೆಗೆದು ಮುರಿದು ಬಾಯಿಗೆ ಹಾಕಿಕೊಂಡರು. ಜ್ವರದ ಬಾಯಿಗೆ ಸೇರಲಿಲ್ಲ, ಆದರೂ ಜಗಿದು ನುಂಗಿದರು. "ದಪ್ಪ ಆಗೇತಿ" ಎಂದರು. ಎದ್ದು ಹೋಗಿ ಮಲಗಿದರು.

ಜ್ವರ ಬಿಟ್ಟ ಮೇಲೆ ಅತ್ತೆ ನನಗೇನೂ ಹೇಳಲಿಲ್ಲ. ಮಗನನ್ನು ಕರೆದು, "ದನಕ್ಕ ಹಿತ್ತಲದಾಗ ಚಪ್ಪರ ಹಾಕು. ಅನ್ನದ ಜಾಗಾದಾಗ ಸಗಣಿ ಹಾಕಿಸಿಗೋತ ಕುಂಡ್ರಬೇಕೇನು?" ಎಂದರು. ಕೆಮ್ಮಣ್ಣು ತರಿಸಿ, ತಾವೇ ನಾದಿ, ಪಡಸಾಲೆಯ ಅಂಚಿನ ಮೇಲೆ ಒಲೆ ಹಾಕಿದರು. ಒಲೆ ಹಾಕುವಾಗ ನನ್ನನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು, ಕೈ ಎಲ್ಲಿಗೆ ಬರುತ್ತದೆ ಎಂದು ಎರಡು ಮೂರು ಸಲ ಅಳೆದರು. ಅಂದು ಅವರ ಕೈ ನನ್ನ ಕೈಗೆ ತಾಗಿತು. ಕ್ಷಯ ಎಂದು ಕೇಳಿದಂದಿನಿಂದ ಅವರು ನನ್ನನ್ನು ಮುಟ್ಟಿದ್ದು ಅದೇ ಮೊದಲು.

ಇಷ್ಟಾದ ಮೇಲೆ ಎಲ್ಲ ಸರಿಹೋಯಿತು ಎಂದು ಬರೆಯಬಹುದು. ಬರೆಯುವುದಿಲ್ಲ. ಮದುವೆ ಮನೆಯ ಪಂಕ್ತಿ ನೋಡಿದರೆ ಇಂದಿಗೂ ಒಳಗೆ ಏನೋ ಕಚ್ಚುತ್ತದೆ. ಕುರ್ಚಿ ಹಾಕಿ ಕೊಡುತ್ತಾರೆ, ಅದರ ಅಂಚಿಗೆ ಒರಗಿ ಅರ್ಧ ನಿಂತು ಉಣ್ಣುತ್ತೇನೆ, ಕೆಳಗೆ ಸಾಲಾಗಿ ಕೂತವರ ನೆತ್ತಿಗಳು ಮಾತ್ರ ಕಾಣುತ್ತವೆ. ದೇವರ ಮುಂದೆ ನಿಂತೇ ಕೈ ಮುಗಿಯುತ್ತೇನೆ. ಅವ್ವ ಸತ್ತಾಗ ಅವಳ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಳ್ಳಲು ಆಗಲಿಲ್ಲ. ಪಕ್ಕದಲ್ಲಿ ಉದ್ದಕ್ಕೆ ಮಲಗಿ ಅವಳ ಕೆನ್ನೆಗೆ ಕೆನ್ನೆ ಇಟ್ಟೆ. ನೋಡಿದವರು ಏನೆಂದುಕೊಂಡರೋ. ಆಗ ಬೇರೆಯದನ್ನು ಆರಿಸಿಕೊಳ್ಳಬೇಕಿತ್ತು ಎಂದು ಅನ್ನಿಸಿದ ಗಳಿಗೆಗಳು ಇವೆ. ಅವನ್ನು ಓಡಿಸಿಲ್ಲ. ಅವೂ ಬರುತ್ತವೆ, ಹೋಗುತ್ತವೆ.

ಕರ್ನಾಟಕ ಒಂದಾದ ವರ್ಷ ನನಗೆ ಹೆಣ್ಣು ಕೂಸು ಹುಟ್ಟಿತು. ಈ ಟೊಂಕದಲ್ಲಿ ಹೆರಿಗೆ ಆಗುತ್ತದೆಯೇ ಎಂದು ಎಲ್ಲರಿಗೂ ಹೆದರಿಕೆ ಇತ್ತು, ಬೆಟಗೇರಿಯ ಅದೇ ಡಾಕ್ಟರ ಬಾಯಿ ನನ್ನನ್ನು ಮಗ್ಗುಲಾಗಿ ಮಲಗಿಸಿ ಹೆರಿಗೆ ಮಾಡಿಸಿದರು. ಕೂಸಿಗೆ ನೀರೆರೆಯುವುದು ನನ್ನಿಂದ ಆಗುವಂತಿರಲಿಲ್ಲ. ಅತ್ತೆ ಬಚ್ಚಲಲ್ಲಿ ಕಾಲು ಚಾಚಿ ಕೂತು, ಅದನ್ನು ಕಾಲ ಮೇಲೆ ಹಾಕಿಕೊಂಡು ಎಣ್ಣೆ ತಿಕ್ಕಿ ಎರೆಯುತ್ತಿದ್ದರು. ನಾನು ಬಿಸಿನೀರಿನ ತಂಬಿಗೆ ಹಿಡಿದು ಪಕ್ಕದಲ್ಲಿ ನಿಲ್ಲುತ್ತಿದ್ದೆ. ಆ ಹೊತ್ತಿನಲ್ಲಿ ನನ್ನ ಮುಖ ಹೇಗಿರುತ್ತಿತ್ತೋ, ಅತ್ತೆ ಒಮ್ಮೆಯೂ ತಲೆಯೆತ್ತಿ ನೋಡುತ್ತಿರಲಿಲ್ಲ.

ಕೂಸು ಬಹಳ ಅಳುತ್ತಿತ್ತು. ತೊಟ್ಟಿಲಲ್ಲಿ ನಿಲ್ಲದು, ಅತ್ತೆಯ ತೊಡೆಯ ಮೇಲೆ ನಿಲ್ಲದು. ಮುಂಬಯಿ ಸರಕಾರ ಹೋಗಿ ನಮ್ಮದು ಮೈಸೂರು ರಾಜ್ಯವಾದ ದಿನ ಊರಲ್ಲಿ ಸಾಲೆಯ ಮಕ್ಕಳ ಮೆರವಣಿಗೆ ಇತ್ತು. ಬೆಳಿಗ್ಗೆಯಿಂದ ಬಾಜಾ. ಆ ಸದ್ದಿಗೆ ಕೂಸಿನ ಅಳು ಇನ್ನೂ ಏರಿತು. ಅತ್ತೆ ತೂಗಿ ತೂಗಿ ದಣಿದರು.

"ನಂದು ಆಗವಲ್ದು" ಎಂದು ಕೂಸನ್ನು ನನ್ನ ಕಡೆ ಚಾಚಿದರು. "ಇದು ಕುಂತವರ ಮಾತು ಕೇಳೂ ಕೂಸಲ್ಲ. ತಗೋ, ನೀ ನಡದಾಡು."

ಎತ್ತಿ ಹೆಗಲಿಗೆ ಹಾಕಿಕೊಂಡೆ. ಪಡಸಾಲೆಯಲ್ಲಿ ಎರಡು ಸುತ್ತು ಹಾಕುವುದರೊಳಗೆ ಅಳು ಇಳಿಯಿತು. ಬಾಗಿಲು ದಾಟಿದೆ. ಕಟ್ಟೆಯ ಮೇಲೆ ಕೂತಿದ್ದ ಮಾವ, "ಎಲ್ಲಿಗವಾ?" ಎಂದರು. "ಇಲ್ಲೆ" ಎಂದೆ. ಮೆರವಣಿಗೆ ಮುಂದೆ ಹೋಗಿತ್ತು, ಧೂಳು ಇನ್ನೂ ನಿಂತಿರಲಿಲ್ಲ. ಓಣಿ ಮುಗಿಯಿತು, ಪೇಟೆ ಬಂತು, ಊರ ಬಾಗಿಲು ಅಗಸಿಯ ತನಕ ಹೋದೆ. ಟೊಂಕ ಎತ್ತಿ ಕಾಲು ಬೀಸಿ ಇಡುವ ನನ್ನ ಆ ಓಲಾಟಕ್ಕೆ ಕೂಸಿನ ತಲೆ ಹೆಗಲ ಮೇಲೆ ಓಲುತ್ತ ಓಲುತ್ತ ಭಾರವಾಯಿತು. ನಿದ್ದೆ ಹತ್ತಿತ್ತು. ನನ್ನ ಕಾಲು ನೋಯುತ್ತಿತ್ತು. ದಣಿವಾರಿಸಿಕೊಳ್ಳಲೆಂದು ಅಗಸಿಯ ಗೋಡೆಗೆ ಬೆನ್ನು ಕೊಟ್ಟು ನಿಂತೆ. ನಿಂತದ್ದೇ ತಡ, ಅದು ಮಿಸುಕಾಡಿ ಮುಖ ಸಿಂಡರಿಸಿತು.

ಮತ್ತೆ ನಡೆದೆ.